ದೋಣಿಯನ್ನರಿತು ಜಲವಿಹಾರ

ಹಾಸನದಿಂದ ಹಗರೆಯ ಮಾರ್ಗವಾಗಿ ಬೇಲೂರಿನ ಶಿಲ್ಪವೈಭವವನ್ನು ಕಾಣಹೋಗುವ ವಾಚಕಮಹಾಶಯರು, ಸಮೀಪದ ಯಗಚಿ ಜಲಾಶಯದಲ್ಲಿ ವಿಹರಿಸಲೆಳಸಿದರೆ, ಮೊದಲು ತಮ್ಮ ಉದ್ದೇಶವಾವುದೆಂದು ನಿಶ್ಚಯಿಸಿಕೊಂಡು ತದನುಗುಣವಾದ ದೋಣಿಯನ್ನು ಆರಿಸಿಕೊಳ್ಳುವುದೊಳಿತು. ವೃದ್ಧರೂ ಬಾಲಕರೂ ಕೂಡಿದ ಕುಟುಂಬಕ್ಕೆ ಚಾಲಕನೇ ನಡೆಸುವ ಅಗಲವಾದ ಮೋಟಾರು ದೋಣಿ ಯುಕ್ತ. ಸದ್ದಿಲ್ಲದೆ ತೀರದ ಪಕ್ಷಿಗಳನ್ನು ನೋಡಬಯಸುವವರಿಗೆ, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ಸಾಗುವ ಕಿರಿದಾದ ಕಯಾಕ್ ಹಿತ. ವೇಗಪ್ರಿಯ ತರುಣರಿಗೆ ಜೆಟ್‌ಸ್ಕೀ. ಹಂಪೆಯ ತುಂಗಭದ್ರೆಯಲ್ಲಿ ಕಾಣುವ ಹರಿಗೋಲಾದರೋ, ಆಳವಿಲ್ಲದೆಡೆಯಲ್ಲಿಯೂ ತೇಲಬಲ್ಲುದಾದರೂ, ವೃತ್ತಾಕಾರವಾದುದರಿಂದ ಗಿರ್ರನೆ ಸುತ್ತುವುದು; ಅದನ್ನು ನುರಿತ ಅಂಬಿಗನಿಗೇ ಬಿಡತಕ್ಕದ್ದು. ಯಾವುದನ್ನೇ ಏರಿದರೂ, ಈಜಬಲ್ಲೆನೆಂಬ ಗರ್ವವನ್ನುಳಿದು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಂಡೇ ಕುಳಿತುಕೊಳ್ಳಿರಿ; ನಡುನೀರಿನಲ್ಲಿ ಎದ್ದುನಿಂತು ಛಾಯಾಚಿತ್ರ ತೆಗೆಯದಿರಿ; ಮಳೆಗಾಳಿಯ ದಿನ ಚಾಲಕನು ಬೇಡವೆಂದರೆ, ಮರುಮಾತಾಡದೆ ಬೇಲೂರಿನ ದೇಗುಲದ ಚೆನ್ನಕೇಶವನ ದರ್ಶನಕ್ಕೆ ನಡೆಯಿರಿ.