ಕೈಯಿಂದ ಹಾಕಿದ ದುಡ್ಡಿಗೂ ಲೆಕ್ಕ ಬೇಕು

ಇಪ್ಪತ್ತೇಳು ಮಕ್ಕಳಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ಸಿಗುವ ಶಾಲಾ ಅನುದಾನ ವರ್ಷಕ್ಕೆ 10,000 ರೂಪಾಯಿ. ಮೂವತ್ತು ಮಕ್ಕಳವರೆಗೂ ಅಷ್ಟೇ. ಮೂವತ್ತೊಂದನೆಯ ಮಗು ದಾಖಲಾದರೆ ಅದು 25,000ಕ್ಕೆ ಏರುತ್ತದೆ. ಆದರೆ ನಾನು ಮುಖ್ಯ ಶಿಕ್ಷಕಿಯಾಗಿದ್ದ ಚಿತ್ರದುರ್ಗ ಜಿಲ್ಲೆಯ ಹಳ್ಳಿಯಲ್ಲಿ ಆ ಮಗುವನ್ನು ಪೇಟೆಯ ಕಾನ್ವೆಂಟಿನ ವ್ಯಾನು ಬೆಳಗ್ಗೆ ಎಂಟಕ್ಕೇ ಹತ್ತಿಸಿಕೊಂಡು ಹೋಗಿರುತ್ತಿತ್ತು. ಬಂದ ಹತ್ತು ಸಾವಿರದಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಉಳಿದ 9,000ವನ್ನು 220 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ 41 ರೂಪಾಯಿ. ಒಂದು ಮಗುವಿಗೆ ಒಂದೂವರೆ ರೂಪಾಯಿ. ನಮ್ಮ ಹೋಬಳಿಯಲ್ಲಿ ಒಂದು ಹಾಳೆ ಜೆರಾಕ್ಸಿಗೆ ಎರಡು ರೂಪಾಯಿ ತೆಗೆದುಕೊಳ್ಳುತ್ತಿದ್ದರು.

ಈ ಒಂದೂವರೆ ರೂಪಾಯಿಯಲ್ಲೇ ಸೀಮೆಸುಣ್ಣ, ಡಸ್ಟರ್, ಹಾಜರಾತಿ ಪುಸ್ತಕ, ರಿಜಿಸ್ಟರುಗಳು, ಸುಟ್ಟುಹೋದ ಬಲ್ಬು, ಮುರಿದ ಚಿಲಕ, ಆಗಸ್ಟ್ 15ರ ಸಿಹಿ ಎಲ್ಲವೂ ಮುಗಿಯಬೇಕು. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವ ಟೆಂಪೊ, ಛದ್ಮವೇಷದ ಬಾಡಿಗೆ ಬಟ್ಟೆ, ಅಂದಿನ ಊಟ ಇವು ಸಾಮಾನ್ಯವಾಗಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ, ಶಿಕ್ಷಕರ ಜೇಬಿನಿಂದಲೇ ಹೋಗುತ್ತವೆ. ಕೈಯಿಂದ ಹಾಕದ ಮೇಷ್ಟ್ರನ್ನು ನನ್ನ ಸೇವೆಯುದ್ದಕ್ಕೂ ನಾನು ಕಂಡಿಲ್ಲ. ತಿಂಗಳಿಗೆ ಹನ್ನೆರಡು ಸಾವಿರದ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕಿಯೂ ಚಾರ್ಟು, ಸ್ಕೆಚ್ ಪೆನ್ನು ತಂದುಕೊಡುತ್ತಾಳೆ. ಇದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ.

ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಯಲ್ಲಿ ಕೂತು ನೋಡಿದವರಿಗೆ ಈ ಖರ್ಚು ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ನಿಂತಿರುವುದೇ ಕಾರ್ಡುಗಳ ಮೇಲೆ. ಮಗು ಕಾರ್ಡನ್ನು ತಾನೇ ಎತ್ತಿಕೊಳ್ಳಬೇಕು, ತಿರುಗಿಸಬೇಕು, ಕೆಳಗಿಟ್ಟು ಬರೆಯಬೇಕು. ದಿನವೂ ಕೈಯಾಡಿದ ಕಾರ್ಡಿನ ಮೂಲೆ ಮೊದಲು ಮೆತ್ತಗಾಗುತ್ತದೆ. ಆಮೇಲೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಚಿತ್ರದ ಅರ್ಧ ಹರಿದುಹೋಗಿ, ಅದು ಆನೆಯೋ ಎಮ್ಮೆಯೋ ಎಂದು ಮಗು ನಮ್ಮನ್ನೇ ಕೇಳುತ್ತದೆ. ನಾವು ಸೆಲೋ ಟೇಪು ಹಚ್ಚುತ್ತೇವೆ, ಲ್ಯಾಮಿನೇಷನ್ ಮಾಡಿಸುತ್ತೇವೆ, ಕಳೆದುಹೋದದ್ದನ್ನು ಕೈಯಲ್ಲೇ ಬರೆಯುತ್ತೇವೆ. ಮಕ್ಕಳ ಕೆಲಸವನ್ನು ತಲೆಯ ಮೇಲೆ ತೂಗುಹಾಕುವ ಕಲಿಕಾ ಚಪ್ಪರಕ್ಕೆ ಹಗ್ಗ, ಕ್ಲಿಪ್ಪು, ಬಣ್ಣದ ಹಾಳೆ. ಒಂದೊಂದೂ ಇಪ್ಪತ್ತು, ಮೂವತ್ತು ರೂಪಾಯಿ. ಒಂದಕ್ಕೂ ಬಿಲ್ಲಿಲ್ಲ.

ಇಂಥ ಚಿಲ್ಲರೆ ಖರ್ಚಿನಿಂದ ದೊಡ್ಡ ಖರ್ಚಿಗೆ ನಾನು ಕೈಹಾಕಿದ್ದು ಪ್ರಿಂಟರಿನಿಂದ. ಈ ಅಂಕಣ ಬರೆಯಲು ಕಾರಣವೂ ಅದೇ.

ಪ್ರತಿ ಮಗುವಿಗೂ ವಾರಕ್ಕೆ ಐದು ಅಭ್ಯಾಸದ ಹಾಳೆ ಬೇಕಿತ್ತು. 27 ಮಕ್ಕಳಿಗೆ ವಾರಕ್ಕೆ 135, ಮೂವತ್ತಾರು ವಾರಕ್ಕೆ 4,860 ಹಾಳೆ. ಎರಡು ರೂಪಾಯಿಯಂತೆ ಜೆರಾಕ್ಸ್ ಮಾಡಿಸಿದರೆ 9,720 ರೂಪಾಯಿ. ಹಾಳೆಯೊಂದಕ್ಕೇ ಅನುದಾನ ಸಾಲದು. ಶಾಲೆಯಲ್ಲೇ ಲೇಸರ್ ಪ್ರಿಂಟರ್ ಇದ್ದರೆ ಕಾಗದ ಮತ್ತು ಟೋನರ್ ಸೇರಿ ಹಾಳೆಗೆ 1 ರೂಪಾಯಿ 20 ಪೈಸೆ, ವರ್ಷಕ್ಕೆ 5,832. ಉಳಿತಾಯ 3,888. ಪ್ರಿಂಟರಿನ ನಗದು ಬೆಲೆ 15,600. ನಾಲ್ಕು ವರ್ಷದಲ್ಲಿ ಅಸಲು ಹುಟ್ಟುತ್ತದೆ, ಹೋಬಳಿಗೆ ಓಡುವುದೂ ತಪ್ಪುತ್ತದೆ. ಪ್ರಿಂಟರ್ ಬೇಕಿತ್ತು ಎಂಬುದರಲ್ಲಿ ನನಗೆ ಈಗಲೂ ಎರಡು ಮಾತಿಲ್ಲ.

ಅನುದಾನ ಇನ್ನೂ ಬಂದಿರಲಿಲ್ಲ. ಮಕ್ಕಳಿಗೆ ಪಾಠ ಜೂನ್‌ನಲ್ಲೇ ಶುರುವಾಗುತ್ತದೆ, ದುಡ್ಡು ಬರುವುದು ಅದಕ್ಕೆ ಮನಸ್ಸಾದಾಗ. ಅಂಗಡಿಯ ಹುಡುಗ, ‘ನೋ ಕಾಸ್ಟ್ ಇಎಂಐ ಇದೆ ಮೇಡಂ, ತಿಂಗಳಿಗೆ ಬರೀ 1,400. ಬಡ್ಡಿ ಒಂದು ರೂಪಾಯಿನೂ ಇಲ್ಲ’ ಅಂದ. ಕ್ರೆಡಿಟ್ ಕಾರ್ಡ್ ಉಜ್ಜಿ ಹನ್ನೆರಡು ಕಂತಿಗೆ ತಂದೆ.

ಈಗ ಆ ‘ಬಡ್ಡಿಯಿಲ್ಲ’ ಎಂಬುದರ ಲೆಕ್ಕ ನಿಧಾನವಾಗಿ ನೋಡಿ. ಹನ್ನೆರಡು ಕಂತಿಗೆ 16,800. ಅದೇ ಮೇಜಿನ ಮೇಲಿದ್ದ ಅದೇ ಪ್ರಿಂಟರಿಗೆ ನಗದು ಕೊಟ್ಟಿದ್ದರೆ 15,600. ಅಲ್ಲಿಗೇ 1,200 ಹೆಚ್ಚಾಯಿತು. ಪ್ರೊಸೆಸಿಂಗ್ ಫೀ 199, ಅದಕ್ಕೆ ಜಿಎಸ್‌ಟಿ ಸೇರಿ 235. ಇನ್ನೊಂದು ಕಾಣದ ಬಾಬ್ತು ಇದೆ. ಬ್ಯಾಂಕು ಒಳಗೊಳಗೇ ಶೇ 15ರ ಬಡ್ಡಿ ಹಾಕಿಕೊಳ್ಳುತ್ತದೆ. ಅಸಲು ಸುಮಾರು 15,511, ಬಡ್ಡಿ 1,289 ಎಂದು ಕಂತನ್ನು ಒಡೆದು, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿಯನ್ನು ಪ್ರತಿ ಬಿಲ್ಲಿನಲ್ಲೂ ನಮ್ಮಿಂದಲೇ ವಸೂಲು ಮಾಡುತ್ತದೆ. ಅದು 232. ಮೂರೂ ಕೂಡಿದರೆ 1,667 ರೂಪಾಯಿ. 15,600ಕ್ಕೆ ಶೇ 10ಕ್ಕೆ ಸ್ವಲ್ಪ ಮೇಲೆ, ಅಷ್ಟೇ ತಾನೇ ಅನ್ನಿಸಬಹುದು. ಅಲ್ಲ. ನಾವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೇವೆ, ಇಡೀ 15,600 ವರ್ಷವಿಡೀ ನಮ್ಮ ಕೈಯಲ್ಲಿರುವುದಿಲ್ಲ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ವಾರ್ಷಿಕ ಬಡ್ಡಿ ಶೇ 19 ದಾಟುತ್ತದೆ.

ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದು, ಕ್ರೆಡಿಟ್ ಕಾರ್ಡಿನ ಮೇಲಿನ ಶೂನ್ಯ ಬಡ್ಡಿಯ ಕಂತುಗಳಿಗೆ ತಡೆ ಹಾಕಿತ್ತು. ಈಗ ಅದೇ ಸರಕು ‘ನೋ ಕಾಸ್ಟ್’ ಎಂಬ ಚೀಟಿ ಅಂಟಿಸಿಕೊಂಡು ಬಂದಿದೆ. ನಗದಿಗೆ ಸಿಗುವ ರಿಯಾಯಿತಿಯನ್ನು ತಡೆಹಿಡಿದು, ಅದನ್ನೇ ಬಡ್ಡಿಯಾಗಿ ಬ್ಯಾಂಕಿಗೆ ಕೊಡುವ ಏರ್ಪಾಡು ಇದು. ಸಂಬಳದ ಖಾತೆ ಇದೆ ಎಂಬ ಒಂದೇ ಕಾರಣಕ್ಕೆ ಶಿಕ್ಷಕರ ಫೋನಿಗೆ ದಿನವೂ ಇಂಥ ಆಮಿಷ ಬರುತ್ತದೆ. ಈ ಕಂತಿಗೆ ಒಪ್ಪಿಕೊಳ್ಳಿ ಎಂದು ನಾನು ಯಾರಿಗೂ ಯಾವ ಸಂದರ್ಭದಲ್ಲೂ ಹೇಳಲಾರೆ. ವಾಷಿಂಗ್ ಮಷೀನಿಗೂ ಬೇಡ, ಶಾಲೆಗಂತೂ ಬೇಡವೇ ಬೇಡ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಸಂಬಳದ ಲೆಕ್ಕಶೀರ್ಷಿಕೆಯಲ್ಲಿ ಹಣ ಬಿಡುಗಡೆಯಾಗದೆ ಒಂದು ತಿಂಗಳು ಸಂಬಳ ತಡವಾಯಿತು. ಕಾರ್ಡಿನ ಬಿಲ್ಲಿಗೆ ಆ ಕಷ್ಟ ಗೊತ್ತಿಲ್ಲ. ತಡಪಾವತಿ ದಂಡ 750, ಜಿಎಸ್‌ಟಿ 135, ಒಟ್ಟು 885. ಅದೇ ಕಾರ್ಡಿನಲ್ಲಿ ಕೊಂಡಿದ್ದ ಮನೆಯ ಔಷಧಿಗೂ ತಿಂಗಳಿಗೆ ಶೇ 3.5ರ ಬಡ್ಡಿ ಬಿತ್ತು. ಅದನ್ನು ಬಿಟ್ಟರೂ ಪ್ರಿಂಟರಿನ ಬೆಲೆಯ ಮೇಲೆ ಕೊಟ್ಟದ್ದು 2,552 ರೂಪಾಯಿ. ಆ ದುಡ್ಡಿಗೆ ಹೋಬಳಿಯ ಜೆರಾಕ್ಸ್ ಅಂಗಡಿಯಲ್ಲೇ ಮಗುವಿಗೆ 47 ಹಾಳೆ ಬರುತ್ತಿತ್ತು. ನಾಲ್ಕು ವರ್ಷದಲ್ಲಿ ಹುಟ್ಟಬೇಕಿದ್ದ ಅಸಲು ನಾಲ್ಕು ವರ್ಷ ಎಂಟು ತಿಂಗಳಿಗೆ ಹೋಯಿತು.

ಅನುದಾನ ಬಂದ ಮೇಲೆ ಬಿಲ್ಲನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿಟ್ಟೆ. ಅಧ್ಯಕ್ಷರು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮೇಡಂ, ಬಿಲ್ಲು ನಿಮ್ಮ ಹೆಸರಲ್ಲೈತೆ. ತರೋಕ್ ಮುಂಚೆ ಠರಾವಾಗಿಲ್ಲ. ನಾಳೆ ಆಡಿಟ್‌ನೋರು ಕೇಳಿದ್ರೆ ನಾನೇನ್ ಹೇಳ್ಲಿ?’ ಅಂದರು. ಶಾಲೆಯ ಖಾತೆ ನಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿತ್ತು, ಚೆಕ್ಕಿಗೆ ಅವರ ರುಜುವೂ ಬೇಕಿತ್ತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೊದಲು ಸಭೆ, ನಡಾವಳಿಯಲ್ಲಿ ಠರಾವು, ದರಪಟ್ಟಿ, ಆಮೇಲೆ ಶಾಲೆಯ ಹೆಸರಿಗೆ ಬಿಲ್ಲು. ಈ ಕ್ರಮ ತಪ್ಪಿದರೆ ಎಷ್ಟೇ ಒಳ್ಳೆಯ ಉದ್ದೇಶದ ಖರ್ಚೂ ವಾಪಸು ಬರುವುದಿಲ್ಲ. ಆದ್ದರಿಂದ ‘ಸದ್ಯಕ್ಕೆ ನಾನು ಹಾಕಿರುತ್ತೇನೆ, ಅನುದಾನ ಬಂದಾಗ ತೆಗೆದುಕೊಂಡರಾಯಿತು’ ಎಂಬ ಯೋಚನೆಯನ್ನೇ ಬಿಡಿ. ಶಾಲೆಗೆ ಕೈಯಿಂದ ಹಾಕಿದ್ದು ಹಾಕಿದ ದಿನವೇ ಹೋಯಿತು ಎಂದು ಬರೆದುಕೊಳ್ಳಿ. ಹೋದರೂ ಪರವಾಗಿಲ್ಲ ಎನ್ನುವಷ್ಟೇ ಹಾಕಿ.

ಸಾಲ ಮಾಡಲೇಬೇಕಾದರೆ ಶಿಕ್ಷಕರ ಪತ್ತಿನ ಸಹಕಾರ ಸಂಘ ಇದೆ, ಬಡ್ಡಿ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಹಳೆ ವಿದ್ಯಾರ್ಥಿಗಳನ್ನು ಕೇಳುವುದು ವಾಸಿ. ಕೇಂದ್ರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆಗೆ ಬೇಕಾದ ವಸ್ತುವನ್ನು ನಮೂದಿಸಿ ದಾನಿಗಳಿಗಾಗಿ ಕಾಯಬಹುದು. ಊರಿನ ಹುಡುಗರು ಬೆಂಗಳೂರಿನಲ್ಲಿ ದುಡಿಯುತ್ತಿದ್ದರೆ ಅವರ ವಾಟ್ಸ್‌ಆಪ್ ಗುಂಪಿಗೆ ಹಾಕಿದ ಒಂದು ಫೋಟೊ ಪೋರ್ಟಲ್‌ಗಿಂತ ಬೇಗ ಕೆಲಸ ಮಾಡುತ್ತದೆ.

ಖರ್ಚು ಮಾಡಿದ ಶಿಕ್ಷಕರಿಗೆ ತೆರಿಗೆ ವಿನಾಯಿತಿಯನ್ನಾದರೂ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಅದು ಇದೆ. ತರಗತಿಗೆಂದು ಕೈಯಿಂದ ಮಾಡಿದ ಖರ್ಚನ್ನು ಶಿಕ್ಷಕರು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಮಿತಿ 250 ಡಾಲರ್ ಇತ್ತು, 2022ರಲ್ಲಿ 300ಕ್ಕೆ ಏರಿತು. ಶೇ 22ರ ಹಂತದಲ್ಲಿರುವ ಶಿಕ್ಷಕಿಗೆ 300 ಡಾಲರಿಗೆ ಉಳಿಯುವುದು 66 ಡಾಲರ್, ಉಳಿದ 234 ಅವಳದೇ. ನಮ್ಮಲ್ಲಿ ಸಂಬಳದಾರರಿಗೆ ಇಂಥ ಖರ್ಚಿಗೆ ಪ್ರತ್ಯೇಕ ಕಡಿತವಿಲ್ಲ. ಹೊಸ ಪದ್ಧತಿಯ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಖರ್ಚು ಮಾಡಿದವರಿಗೂ ಮಾಡದವರಿಗೂ ಒಂದೇ. 2025-26ರಿಂದ ಹನ್ನೆರಡು ಲಕ್ಷದವರೆಗಿನ ತೆರಿಗೆಗೆ ಒಳಪಡುವ ಆದಾಯಕ್ಕೆ ರಿಬೇಟ್ ಬಂದ ಮೇಲೆ ಐವತ್ತು, ಅರವತ್ತು ಸಾವಿರ ಸಂಬಳದ ಶಿಕ್ಷಕರಿಗೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ವಿನಾಯಿತಿ ಸಿಕ್ಕರೆ ಏನು ಬಂತು? ಕೇಳಬೇಕಾದದ್ದು ಅನುದಾನವನ್ನೇ.

ಕಿರಿಯ ಸಹೋದ್ಯೋಗಿಗಳಿಗೆ ಅಭ್ಯಾಸದ ಬಗ್ಗೆಯೂ ಎರಡು ಮಾತು ಹೇಳಬೇಕು. ಸಂಬಳ ಬಂದ ದಿನವೇ ಶಾಲೆಗೆಂದು ಒಂದು ಮೊತ್ತವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ. ಕೈಗೆ ಬರುವ ಸಂಬಳದ ನೂರಕ್ಕೆ ಒಂದು ಸಾಕು, ಐವತ್ತು ಸಾವಿರಕ್ಕೆ ಐನೂರು. ಆ ಖಾತೆ ಖಾಲಿಯಾದರೆ ಆ ತಿಂಗಳ ಖರೀದಿ ನಿಲ್ಲಲಿ. ಚಾರ್ಟು ಮುಂದಿನ ತಿಂಗಳು ಬರುತ್ತದೆ, ಮಕ್ಕಳು ಕಾಯುತ್ತಾರೆ. ಈ ವಿಷಯದಲ್ಲಿ ನಮಗೇ ತಾಳ್ಮೆ ಕಡಿಮೆ. ಪಕ್ಕದ ಶಾಲೆಯ ಗೋಡೆಗೆ ಬಣ್ಣ ಬಂತು ಎಂದು ನಮ್ಮ ಗೋಡೆಗೂ ಬಳಿಸಲು ಹೊರಡುತ್ತೇವೆ. ಫೋಟೊ ತೆಗೆದು ಕ್ಲಸ್ಟರ್ ಗುಂಪಿಗೆ ಹಾಕುತ್ತೇವೆ, ಚಪ್ಪಾಳೆಯ ಚಿತ್ರಗಳು ಬರುತ್ತವೆ. ಮನೆಯಲ್ಲಿ ಮಗಳ ಕಾಲೇಜು ಶುಲ್ಕದ ಕೊನೆಯ ದಿನ ಹತ್ತಿರ ಬಂದಿರುತ್ತದೆ. ಮನೆಯವರಿಗೆ ಹೇಳದೆ ಶಾಲೆಗೆ ಖರ್ಚು ಮಾಡುವ ಶಿಕ್ಷಕಿಯರು ಬಹಳ ಮಂದಿ ಇದ್ದಾರೆ. ಹೇಳಿ ಮಾಡಿ. ಕೊಡುವುದರಲ್ಲಿ ಮುಚ್ಚುಮರೆ ಬೇಡ.

ಮುಚ್ಚಿಟ್ಟ ಖರ್ಚಿನಿಂದ ಶಾಲೆಗೂ ನಷ್ಟವಿದೆ. ವರ್ಷದ ಕೊನೆಯಲ್ಲಿ ನಾವು ಹಣ ಬಳಕೆ ಪ್ರಮಾಣಪತ್ರ ಬರೆಯುತ್ತೇವೆ: ಬಂದದ್ದು 10,000, ಖರ್ಚಾದದ್ದು 10,000. ಅದರ ಮೇಲೆ ಶಿಕ್ಷಕರು ಹಾಕಿದ ಆರೋ ಎಂಟೋ ಸಾವಿರ ಯಾವ ಕಾಗದದಲ್ಲೂ ಇರುವುದಿಲ್ಲ. ಆ ಕಾಗದ ಓದುವವರಿಗೆ ಹತ್ತು ಸಾವಿರದಲ್ಲಿ ಶಾಲೆ ಚೆನ್ನಾಗಿಯೇ ನಡೆಯಿತು ಎಂದು ತೋರುತ್ತದೆ. ಅನುದಾನ ಸಾಲುತ್ತಿಲ್ಲ ಎಂಬ ಸಾಕ್ಷಿಯನ್ನು ನಾವೇ ನಮ್ಮ ಔದಾರ್ಯದಿಂದ ಅಳಿಸುತ್ತಿದ್ದೇವೆ. ಹಿಂದೆ ಸರ್ವ ಶಿಕ್ಷಣ ಅಭಿಯಾನದಲ್ಲಿ ಪ್ರತಿ ಶಿಕ್ಷಕರಿಗೂ ಕಲಿಕೋಪಕರಣಕ್ಕೆಂದು ವರ್ಷಕ್ಕೆ 500 ರೂಪಾಯಿ ಇತ್ತು. ಮೊತ್ತ ಚಿಕ್ಕದು, ಆದರೆ ಪಾಠಕ್ಕೆ ಸಾಮಗ್ರಿ ಬೇಕು ಎಂದು ಒಪ್ಪಿಕೊಂಡ ಒಂದು ಸಾಲು ಲೆಕ್ಕಪತ್ರದಲ್ಲಿತ್ತು. 2018ರಲ್ಲಿ ಸಮಗ್ರ ಶಿಕ್ಷಣ ಬಂದು ಎಲ್ಲವೂ ಒಂದೇ ಅನುದಾನದಲ್ಲಿ ಸೇರಿದ ಮೇಲೆ, ಪೊರಕೆ, ಬಲ್ಬಿನ ಜತೆ ಪೈಪೋಟಿಯಲ್ಲಿ ಕಲಿಕೋಪಕರಣ ಕೊನೆಗೆ ಉಳಿಯುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮಿನ ಪ್ರಕಾರ ಶಾಲಾ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು, ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕು. ಬಹಳ ಶಾಲೆಗಳಲ್ಲಿ ಹೋದ ವರ್ಷದ ಯೋಜನೆಯನ್ನೇ ದಿನಾಂಕ ಬದಲಿಸಿ ಕಳಿಸುತ್ತಾರೆ. ದಯವಿಟ್ಟು ಈ ಸಲ ಹಾಗೆ ಮಾಡಬೇಡಿ. ಈ ವರ್ಷ ನೀವು ಕೈಯಿಂದ ಹಾಕಿದ್ದನ್ನೆಲ್ಲ, ಟೆಂಪೊ ಬಾಡಿಗೆ, ಲ್ಯಾಮಿನೇಷನ್ನು, ಸ್ಕೆಚ್ ಪೆನ್ನು ಎಲ್ಲವನ್ನೂ, ಮೊತ್ತದೊಂದಿಗೆ ಸಭೆಯಲ್ಲಿ ಓದಿ ಹೇಳಿ ನಡಾವಳಿಯಲ್ಲಿ ಬರೆಸಿ, ಮುಂದಿನ ವರ್ಷದ ಯೋಜನೆಯಲ್ಲಿ ಅಷ್ಟನ್ನೂ ಬೇಡಿಕೆಯಾಗಿ ಸೇರಿಸಿ ಕಳಿಸಿ.