ಅಳತೆ ಬಲ್ಲವರ ಕೈ ಖಾಲಿ ಇರುವುದಿಲ್ಲ

ಹೋದ ಶ್ರಾವಣಕ್ಕೆ ಮುಂಚೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಿಂದ ನಾಲ್ಕು ಜನ ಹಿರಿಯರು ರಾಯಚೂರಿನ ನನ್ನ ಅಂಗಡಿಗೆ ಬಂದರು. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಬೆಳ್ಳಿಯ ಮುಖವಾಡವೊಂದನ್ನು ನನ್ನ ಮುಂದಿಟ್ಟರು. ದೊಡ್ಡ ಊರಿನಿಂದ ತರಿಸಿದ್ದು. ಹೊಳಪು ಚೆನ್ನಾಗಿತ್ತು, ಕಣ್ಣು ಮೂಗು ತಿದ್ದಿದಂತಿದ್ದವು. ಆದರೆ ಅವರೂರ ಹನುಮಪ್ಪನಿಗೆ ಅದು ಕೂಡುತ್ತಿರಲಿಲ್ಲ. ತಲೆಮಾರುಗಳಿಂದ ಎಣ್ಣೆ, ಸಿಂಧೂರ ಉಂಡ ಕಲ್ಲು ಅದು. ಮುಖ ಒಂದು ಮಗ್ಗುಲಿಗೆ ಹೊರಳಿದೆ, ಗದ್ದದ ಬಳಿ ಸ್ವಲ್ಪ ಸವೆದಿದೆ. ಮುಖವಾಡ ಕಲ್ಲಿನಿಂದ ಎರಡು ಬೆರಳು ದೂರವೇ ನಿಲ್ಲುತ್ತಿತ್ತಂತೆ.

“ದೇವರು ಒಲ್ಲೆ ಅಂತಾನೇನೋ ಅಂತ ಊರಾಗ ಮಾತಾಡಾಕತ್ತಾರ್ರೀ” ಎಂದರು ಒಬ್ಬರು.

“ದೇವರಿಗೆ ಸಿಟ್ಟಿಲ್ರೀ ಯಜಮಾನ್ರ, ಅಳತಿ ತಪ್ಪೈತಿ” ಎಂದೆ.

ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ದೇವದುರ್ಗದ ಹುಡುಗನನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆ. ಗುಡಿಯಲ್ಲಿ ಕೂತು, ಮೇಣ ಒತ್ತಿ ಅಚ್ಚು ತೆಗೆದು, ಹಾಳೆ ಹಿಡಿದು ಅಳತೆ ಗುರುತು ಮಾಡಿಕೊಂಡೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗ ಕೇಳಿದ: “ಕಾಕಾ, ಈ ಕೆಲಸದಾಗ ಮುಂದ ಏನೈತಿ?” ಆ ಗದ್ದಲದಲ್ಲಿ ನಾನು ಪೂರಾ ಉತ್ತರ ಕೊಡಲಿಲ್ಲ. ಅವನಿಗೂ, ಅವನಂತೆ ದೇವದುರ್ಗ, ಮಾನ್ವಿ, ರಾಯಚೂರಿನ ಓಣಿಗಳಲ್ಲಿ ಸುತ್ತಿಗೆ ಹಿಡಿಯಬೇಕೋ ಬಿಡಬೇಕೋ ಎಂದು ಯೋಚಿಸುತ್ತಿರುವ ಮಕ್ಕಳಿಗೂ ಈ ಮಾತು ಹೇಳುತ್ತಿದ್ದೇನೆ.

ತಮ್ಮಾ, ಮೊದಲು ಕಹಿ ಮಾತು. ನನ್ನ ಅಪ್ಪನ ಕಾಲದ ಕೆಲಸದಲ್ಲಿ ಅರ್ಧ ಹೋಗಿಬಿಟ್ಟಿದೆ. ತಾಮ್ರದ ಕೊಡ, ಹಿತ್ತಾಳೆ ಹಂಡೆ ಇದ್ದ ಮನೆಗಳಿಗೆ ಸ್ಟೀಲು ಬಂತು, ಪ್ಲಾಸ್ಟಿಕ್ ಬಂತು. ಕಲಾಯಿ ಹಾಕಿಸುವವರೇ ಇಲ್ಲವಾದರು. ಗೇಟಿಗೆ ಬಳ್ಳಿ, ನವಿಲು ಮಾಡಲು ನಾವು ಕಬ್ಬಿಣ ಕಾಯಿಸಿ ವಾರಗಟ್ಟಲೆ ಬಾಗಿಸುತ್ತಿದ್ದೆವು. ಸಿಎನ್‌ಸಿ ಯಂತ್ರ ಅದನ್ನು ಹಾಳೆ ಕತ್ತರಿಸಿದ ಹಾಗೆ ಕತ್ತರಿಸಿಕೊಡುತ್ತದೆ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿತು. ಬೆಳ್ಳಿ ಕವಚ ಮಾಡಿಸಬೇಕೆಂದವರು ತಾಮ್ರಕ್ಕೆ ಬೆಳ್ಳಿಯ ಲೇಪ ಸಾಕೆನ್ನುತ್ತಿದ್ದಾರೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕಸುಬಿಗೆ ಕರೆದರೆ ಅದು ಮೋಸ.

ಉಳಿದ ಅರ್ಧದ ಮಾತು ಈಗ ಕೇಳಿ. ಯಂತ್ರ ಒಂದೇ ಅಚ್ಚಿನಲ್ಲಿ ಸಾವಿರ ಮಾಡುತ್ತದೆ. ನಮ್ಮ ಊರುಗಳಲ್ಲಿ ಒಂದರಂತೆ ಇನ್ನೊಂದು ದೇವರಿಲ್ಲ, ಒಂದರಂತೆ ಇನ್ನೊಂದು ಬಾಗಿಲಿಲ್ಲ. ಯಲ್ಲಮ್ಮನ ಮುಖ, ಗುಡಿಯ ಕಳಸ, ಪಲ್ಲಕ್ಕಿಯ ತಗಡು, ಮಠದ ಬಾಗಿಲವಾಡ, ಪ್ರಭಾವಳಿ, ಮೊಹರಮ್ಮಿನ ಅಲಾಯಿ ದೇವರ ಪಂಜಾ, ಇವೆಲ್ಲ ಆಯಾ ಜಾಗದಲ್ಲಿ ಕೂತು, ಆಯಾ ಅಳತೆಗೆ ಮಾಡಬೇಕಾದವು. ಹಳೆಯದು ಸೀಳಿದಾಗ ದುರಸ್ತಿಗೂ ಹತ್ತಿರದವರೇ ಬೇಕು. ಬಂದು ಅಳೆಯುವವರು ಇರುವ ತನಕ ಈ ಕೆಲಸ ಯಾವ ಕಾರ್ಖಾನೆಗೂ ಹೋಗುವುದಿಲ್ಲ. ಆ ಅಳೆಯುವವರು ನೀವಾಗಬೇಕು.

ನೀವು ಹುಟ್ಟಿದ ನೆಲವನ್ನೂ ಮರೆಯಬೇಡಿ. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಸುಮಾರು 2,000 ವರ್ಷ ಹಿಂದೆಯೇ ಜನ ಬಂಡೆ ಕೊರೆದು ಚಿನ್ನ ತೆಗೆದಿದ್ದಾರೆ. ಗಣಿ ಇವತ್ತೂ ನಡೆಯುತ್ತಿದೆ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರು ಕೊರೆದ ಶಾಸನವನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ದೇವದುರ್ಗದಿಂದ ಕೃಷ್ಣೆ ದಾಟಿದರೆ ತಿಂಥಣಿ. ಅಲ್ಲಿಯ ಮೌನೇಶ್ವರರು ನಮ್ಮ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದವರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಮುದಗಲ್ಲಿನ ಮೊಹರಮ್ಮಿಗೆ ಸುತ್ತಲಿನ ಊರುಗಳೇ ಎದ್ದು ಹೋಗುತ್ತವೆ. ಪಂಜಾ ಮೆರೆಯುವ ಬೀದಿಯಲ್ಲಿ ಅದನ್ನು ಬಡಿದವನ ಜಾತಿಯನ್ನು ಯಾರೂ ಕೇಳುವುದಿಲ್ಲ. ಹಾಗೆಯೇ ಈ ಕೆಲಸ ಕಲಿಯಲು ಯಾರ ಮನೆಯಲ್ಲಿ ಹುಟ್ಟಿದ್ದೀರಿ ಎಂಬುದೂ ಲೆಕ್ಕವಲ್ಲ. ಹೆಣ್ಣುಮಕ್ಕಳೂ ಬರಲಿ. ಸಣ್ಣ ಚಾಣದ ಕೆಲಸಕ್ಕೆ ಬೇಕಾದ್ದು ತಾಳ್ಮೆಯ ಕೈ.

ಈಗ ಕೆಲಸದ ಮಾತು. ಉಬ್ಬು ಕೆಲಸಕ್ಕೆ ತಗಡನ್ನು ಮೊದಲು ಕೆಂಪೇರುವ ತನಕ ಕಾಯಿಸಿ ತಣಿಸಬೇಕು. ರಾಳ, ಇಟ್ಟಂಗಿ ಪುಡಿ, ಎಣ್ಣೆ ಕೂಡಿಸಿ ಕಾಯಿಸಿದ ಅಂಟಿನ ಮೇಲೆ ಅದನ್ನು ಕೂರಿಸಿ, ಹಿಂದಿನಿಂದ ಮೊಂಡು ಚಾಣದಲ್ಲಿ ಬಡಿದರೆ ಕೆನ್ನೆ, ಮೂಗು, ಹುಬ್ಬು ಎದ್ದು ಬರುತ್ತವೆ. ಆಮೇಲೆ ಮಗುಚಿ ಹಾಕಿ, ಮುಂದಿನಿಂದ ಸಣ್ಣ ಚಾಣದಲ್ಲಿ ಗೆರೆ ತೀಡಬೇಕು. ಬಡಿದಷ್ಟೂ ತಗಡು ಗಡುಸಾಗುತ್ತದೆ. ಮೆತ್ತಗಿರುವಾಗ ಸುತ್ತಿಗೆಗೆ ‘ಧಪ್’ ಎನ್ನುವ ತಗಡು, ಗಡುಸಾದಾಗ ‘ಟಣ್’ ಎನ್ನುತ್ತದೆ. ‘ಟಣ್’ ಎಂದ ಕೂಡಲೇ ಕೈ ನಿಲ್ಲಿಸಿ ಮತ್ತೆ ಬೆಂಕಿಗೆ ಕೊಡಬೇಕು.

ನಾನು ಹತ್ತೊಂಬತ್ತರ ಹುಡುಗನಿದ್ದಾಗ ದೇವದುರ್ಗದ ಕಡೆಯ ಒಂದು ಊರಿಗೆ ಅಮ್ಮನ ಮುಖ ಮಾಡುತ್ತಿದ್ದೆ. ಜಾತ್ರೆಗೆ ಮೂರೇ ದಿನ ಉಳಿದಿತ್ತು. ತಗಡು ‘ಟಣ್’ ಎಂದದ್ದು ಕಿವಿಗೆ ಬಿತ್ತು. ಅವಸರದಲ್ಲಿ ಬಡಿಯುತ್ತಲೇ ಹೋದೆ. ಮೂಗಿನ ಹೊಳ್ಳೆಯ ಹತ್ತಿರ ಕೂದಲೆಳೆಯಷ್ಟು ಸೀಳು ಬಿಟ್ಟಿತು. ಬೆಸುಗೆ ಹಾಕಿ, ಉಜ್ಜಿ, ಯಾರಿಗೂ ಕಾಣದಂತೆ ಮುಚ್ಚಿದೆ. ಮರುದಿನ ಗುರುಗಳು ಅದನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ಬೈಯಲಿಲ್ಲ. ಊರ ಹಿರಿಯರನ್ನು ಕರೆಸಿ, “ನಮ್ಮ ಕಡಿಂದ ತಪ್ಪಾಗೈತಿ, ಜಾತ್ರಿಗಿ ಹಳೀ ಮುಖಾನ ಇರಲಿ, ಇದನ್ನ ಹೊಸದಾಗಿ ಮಾಡಿ ಕೊಡ್ತೀವಿ” ಎಂದರು. ಮೂರು ತಿಂಗಳ ನನ್ನ ಕೂಲಿ ಅದಕ್ಕೇ ಹೋಯಿತು. ಆ ಊರಿನವರು ಆಮೇಲೆ ಬೇರೆ ಯಾರ ಹತ್ತಿರವೂ ಹೋಗಲಿಲ್ಲ. ಬೆಂಕಿಗೂ ಒಂದು ಅಳತೆ ಇದೆ, ಮಾತಿಗೂ ಒಂದು ಅಳತೆ ಇದೆ ಎಂದು ನಾನು ಕಲಿತದ್ದು ಅಲ್ಲಿ.

ಅದಕ್ಕೇ ಹೇಳುತ್ತೇನೆ, ಸುತ್ತಿಗೆಗಿಂತ ಮುಂಚೆ ಪೆನ್ಸಿಲ್ ಹಿಡಿಯಿರಿ. ದಿನಕ್ಕೆ ಒಂದು ಗಂಟೆ ಗೆರೆ ಎಳೆಯಿರಿ. ಬಳ್ಳಿ, ಕೀರ್ತಿಮುಖ, ಹಂಸ, ತಾವರೆ ಕೈಗೆ ಕೂಡಲಿ. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಬರೆಯಲು ಕಲಿಯಿರಿ. ಸಿಎನ್‌ಸಿ ಯಂತ್ರಕ್ಕೂ ಯಾರಾದರೂ ಚಿತ್ರ ಬರೆದು ಕೊಡಲೇಬೇಕು. ಆ ಚಿತ್ರ ನಿಮ್ಮದಾದರೆ ಯಂತ್ರ ನಿಮ್ಮ ಆಳಾಗಿ ದುಡಿಯುತ್ತದೆ.

ಹೊಟ್ಟೆಗೆ ಮೊದಲು ಕಬ್ಬಿಣ ಕಲಿಯಿರಿ. ಐಟಿಐಯಲ್ಲಿ ವೆಲ್ಡರ್ ತರಬೇತಿ ಒಂದೇ ವರ್ಷದ್ದು. ಗೇಟು, ಗ್ರಿಲ್, ರೇಲಿಂಗ್ ಕೆಲಸ ಜನ ಮನೆ ಕಟ್ಟುವ ತನಕ ಇದ್ದೇ ಇರುತ್ತದೆ. ಅದರ ದುಡ್ಡಿನಲ್ಲಿ ಮನೆ ನಡೆಸುತ್ತ ತಾಮ್ರ, ಬೆಳ್ಳಿಯ ಕೆಲಸಕ್ಕೆ ಕೈ ಪಳಗಿಸಿ. ದೇವರ ಕೆಲಸ ಜಾತ್ರೆಯ ಹಂಗಾಮಿನಲ್ಲಿ ಬರುತ್ತದೆ, ಮಳೆಗಾಲದಲ್ಲಿ ಕೈ ಕಟ್ಟಿ ಕೂರಿಸುತ್ತದೆ. ಎರಡೂ ಬಲ್ಲವರಿಗೆ ವರ್ಷವಿಡೀ ಕೆಲಸ.

ತೂಕದಲ್ಲಿ ಶುದ್ಧವಾಗಿರಿ. ಬೆಳ್ಳಿ ತೆಗೆದುಕೊಳ್ಳುವಾಗ ನಾಲ್ಕು ಜನರ ಎದುರು ತೂಗಿ ಬರೆದುಕೊಳ್ಳಿ. ಕೊಡುವಾಗ ಮತ್ತೆ ಅವರ ಎದುರೇ ತೂಗಿ. ಸವಕಳಿ ಎಷ್ಟು, ಕೂಲಿ ಎಷ್ಟು ಎಂದು ಮುಂಚೆಯೇ ಚೀಟಿಯಲ್ಲಿ ಬರೆದು ಕೊಡಿ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿ ಇರುವುದೇ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ಇದು ಗೊತ್ತಿಲ್ಲದ ಹಳ್ಳಿಯವರಿಗೆ ನೀವೇ ಬಿಡಿಸಿ ಹೇಳಿ. ಇಷ್ಟಲಿಂಗದ ಗುಂಡಗಡಗಿ ಮಾಡಿಸಿಕೊಂಡ ಅಜ್ಜಿ ಅದನ್ನು ಸಾಯುವ ತನಕ ಕೊರಳಲ್ಲಿ ಇಟ್ಟುಕೊಳ್ಳುತ್ತಾಳೆ. ಆಕೆಗೆ ಕಲಬೆರಕೆ ಕೊಟ್ಟು ನಾವು ಉಣ್ಣುವ ರೊಟ್ಟಿ ದಕ್ಕುವುದಿಲ್ಲ.

ಮೈ ಕಾಪಾಡಿಕೊಳ್ಳಿ. ಕಪ್ಪು ಗಾಜಿಲ್ಲದೆ ವೆಲ್ಡಿಂಗ್ ಮಾಡಿ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹೊಕ್ಕಂತೆ ಒದ್ದಾಡಿದವರನ್ನು ನಾನು ಬಹಳ ಕಂಡಿದ್ದೇನೆ. ಸತು ಲೇಪಿಸಿದ ಜಿಐ ಪೈಪ್ ಬೆಸೆಯುವಾಗ ಏಳುವ ಸತುವಿನ ಹೊಗೆಯಿಂದ ಜ್ವರ ಬರುತ್ತದೆ. ಪಾದರಸ ಹಚ್ಚಿ ಬೆಂಕಿಗೆ ಹಿಡಿದು ಚಿನ್ನದ ಪೂಸು ಹಾಕುವ ಹಳೆಯ ಪದ್ಧತಿಯನ್ನು ಯಾರು ಹೇಳಿದರೂ ಮಾಡಬೇಡಿ. ಆ ಹಬೆ ನರಕ್ಕೂ ಮೂತ್ರಪಿಂಡಕ್ಕೂ ವಿಷ. ಆಸಿಡ್ ಕೆಲಸ ಬಯಲಲ್ಲಿ, ಕೈಗವಸು ಹಾಕಿಯೇ ಮಾಡಿ. ನಮ್ಮ ಬಿಸಿಲಿನಲ್ಲಿ ಒಲೆಯ ಮುಂದೆ ಕೂರುವ ಕೆಲಸವನ್ನು ನಸುಕಿನಲ್ಲೇ ಮುಗಿಸಿ.

ಸರ್ಕಾರದ ನೆರವು ಇದೆ, ತೆಗೆದುಕೊಳ್ಳಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ, ಅಕ್ಕಸಾಲಿಕೆ ಎರಡೂ ಇವೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಜಾಮೀನಿಲ್ಲದೆ 5 ಪರ್ಸೆಂಟ್ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ ಸಾಲ. ಆದರೆ ಕೆಲವು ದಿನಗಳ ತರಬೇತಿಯಿಂದ ಕೈ ಪಳಗುವುದಿಲ್ಲ. ಕಸುಬು ಕಲಿತು ಸಾಲ ಮಾಡಿ. ಸಾಲಕ್ಕಾಗಿ ಕಸುಬಿನ ಹೆಸರು ಹೇಳಬೇಡಿ.

ಕೆಲವರು ಬೀದರ್ ತನಕ ಹೋಗಿ ಬನ್ನಿ. ಅಲ್ಲಿಯ ಬಿದ್ರಿ ಕೆಲಸ ನೋಡಿ. ಹೆಚ್ಚು ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಗೆ ಗೀರು ಕೊರೆದು, ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೋಟೆಯ ಮಣ್ಣಿಗೆ ನವಸಾಗರ ಕಲೆಸಿ ಉಜ್ಜಿದರೆ ಪಾತ್ರೆ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮನ್ನಣೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೌರವ ಬರುವ ತನಕ ಅವರ ಕೈ ನಿಂತಿರಲಿಲ್ಲ ಎಂಬುದನ್ನು ನೆನಪಿಡಿ. ನಮ್ಮ ಜಿಲ್ಲೆಯ ಕೆಲಸಕ್ಕೆ ಇನ್ನೂ ಅಂಥ ಹೆಸರಿಲ್ಲ. ಅದನ್ನು ತರುವ ಭಾರ ನಿಮ್ಮದು. ಮಾಡಿದ ಪ್ರತಿ ಕೆಲಸದ ಫೋಟೊ ತೆಗೆದಿಡಿ. ಅಳತೆ, ತೂಕ, ಊರು, ವರ್ಷ ಒಂದು ವಹಿಯಲ್ಲಿ ಬರೆದಿಡಿ. ನಮ್ಮ ಹಿರಿಯರು ಮಾಡಿದ್ದರು, ಬರೆದಿಡಲಿಲ್ಲ. ಅವರ ಹೆಸರು ಅವರ ಜೊತೆಯೇ ಹೋಯಿತು.

ಆ ಹನುಮಪ್ಪನ ಮುಖವಾಡವನ್ನು ಕರಗಿಸಿ, ಅದೇ ಬೆಳ್ಳಿಯಲ್ಲಿ ಹೊಸದು ಮಾಡಿದೆವು. ಸವೆದ ಗದ್ದದ ಗೆರೆಯನ್ನು ತೀಡಿದ್ದು ಆ ಹುಡುಗ. ಶ್ರಾವಣದ ಮೊದಲ ಶನಿವಾರ ಅದನ್ನು ಕೂರಿಸಿದಾಗ ಕಲ್ಲಿಗೂ ಬೆಳ್ಳಿಗೂ ನಡುವೆ ಒಂದು ಊದಿನಕಡ್ಡಿಯೂ ತೂರಲಿಲ್ಲ.

ಮಕ್ಕಳೇ, ನಾಳೆ ಬೆಳಿಗ್ಗೆ ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಟೇಪು ಹಿಡಿದು ನಿಮ್ಮೂರ ಗುಡಿಗೋ ದರ್ಗಾಕ್ಕೋ ಹೋಗಿ. ಬಾಗಿಲ ಚೌಕಟ್ಟಿನ ಅಳತೆ ತೆಗೆದುಕೊಳ್ಳಿ, ಅದರ ಮೇಲಿನ ಒಂದು ಬಳ್ಳಿಯನ್ನಾದರೂ ಬರೆದುಕೊಳ್ಳಿ. ಕಸುಬು ಅಲ್ಲಿಂದ ಶುರುವಾಗಲಿ.