ಮೋಟಾರು ಇಂಜಿನಿನ ಥರ್ಮೋಸ್ಟಾಟ್ ಕೆಟ್ಟರೆ ಉಂಟಾಗುವ ನಷ್ಟ

ಕಾರು, ಟ್ರಾಕ್ಟರುಗಳನ್ನು ಇಟ್ಟುಕೊಂಡಿರುವ ಜಮೀನುದಾರರಲ್ಲಿ ಕೆಲವರು, ಇಂಜಿನು ಒಮ್ಮೆ ಅತಿಯಾಗಿ ಕಾದೊಡನೆ ಥರ್ಮೋಸ್ಟಾಟ್ ಎಂಬ ಸಣ್ಣ ಭಾಗವನ್ನು ತೆಗೆಸಿಹಾಕಿ, ಇನ್ನು ಚಿಂತೆಯಿಲ್ಲವೆಂದು ಭಾವಿಸುವರು. ಇದು ತಪ್ಪು ತಿಳಿವಳಿಕೆ. ಅಲ್ಪ ಬೆಲೆಯ ಈ ಭಾಗವನ್ನು ಉದಾಸೀನ ಮಾಡಿದರೆ ಬೆಲೆಯುಳ್ಳ ಇಂಜಿನಿಗೇ ಕೇಡು ಒದಗುವುದು.

ಇದರ ಕೆಲಸ.— ಇಂಜಿನಿಗೂ ರೇಡಿಯೇಟರಿಗೂ ನಡುವೆ ನೀರು ಹರಿಯುವ ದಾರಿಯಲ್ಲಿ ಇದು ಒಂದು ತೂಬಿನಂತಿದೆ. ಕೆರೆಯ ತೂಬನ್ನು ನೀರುಗಂಟಿಯು ತೆರೆದು ಮುಚ್ಚುವಂತೆ ಇದನ್ನು ಶಾಖವೇ ತೆರೆದು ಮುಚ್ಚುವುದು. ಲೋಹದ ಚಿಕ್ಕ ಬಟ್ಟಲಿನಲ್ಲಿರುವ ಮೇಣವು ಕಾದು ಕರಗಿ ಹಿಗ್ಗಿದಾಗ ಬಾಗಿಲು ತೆರೆಯುವುದು. ತಣಿದಾಗ ಸ್ಪ್ರಿಂಗು ಅದನ್ನು ಮುಚ್ಚುವುದು. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಂಟಿಗ್ರೇಡಿನೊಳಗೆ ಅದು ತೆರೆಯಲಾರಂಭಿಸುವುದು.

ತೆರೆಯದೆ ನಿಂತರೆ.— ಕಾದ ನೀರು ರೇಡಿಯೇಟರಿಗೆ ಹೋಗದೆ ಇಂಜಿನಿನಲ್ಲೇ ಕುದಿಯುವುದು. ಕೆಲವೇ ನಿಮಿಷಗಳಲ್ಲಿ ಹೆಡ್ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರು ಹೆಡ್ ಸೊಟ್ಟಗಾಗಬಹುದು. ಉಷ್ಣಮಾಪಕದ ಮುಳ್ಳು ಮೇಲೇರುತ್ತಿದ್ದಾಗಲೂ ರೇಡಿಯೇಟರು ತಣ್ಣಗಿದ್ದರೆ ಈ ದೋಷವನ್ನು ಶಂಕಿಸತಕ್ಕದ್ದು.

ಮುಚ್ಚದೆ ನಿಂತರೆ.— ಈ ಕೇಡು ಮೌನವಾದದ್ದು. ಆದಕಾರಣ ಬಹುಕಾಲ ಗಮನಕ್ಕೆ ಬಾರದು. ಇಂಜಿನು ತಕ್ಕಷ್ಟು ಬಿಸಿಯಾಗದೆ ಎಣ್ಣೆಯನ್ನು ಹೆಚ್ಚಾಗಿ ಕುಡಿಯುವುದು. ಪೂರ್ತಿ ಉರಿಯದ ಇಂಧನವು ಸಿಲಿಂಡರಿನ ಗೋಡೆಯಿಂದಿಳಿದು ಆಯಿಲನ್ನು ತೆಳ್ಳಗೆ ಮಾಡುವುದು. ನೀರಿನ ಆವಿಯು ಅದರಲ್ಲಿ ಸೇರಿ ಕೆಸರುಗಟ್ಟುವುದು. ಪಿಸ್ಟನ್ ಉಂಗುರಗಳೂ ಸಿಲಿಂಡರೂ ಬೇಗ ಸವೆಯುವುವು. ಥರ್ಮೋಸ್ಟಾಟನ್ನು ತೆಗೆದುಹಾಕಿದರೂ ಇದೇ ಫಲ. ಅದಲ್ಲದೆ, ಕೆಲವು ಇಂಜಿನುಗಳಲ್ಲಿ ಅಡ್ಡದಾರಿಯ ಕೊಳವೆಯನ್ನು ಮುಚ್ಚುವುದೂ ಇದರದೇ ಕೆಲಸ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಸೇರದೆ ಹಿಂದಿರುಗಿ, ಭಾರದ ಕೆಲಸದಲ್ಲಿ ಇಂಜಿನು ಮತ್ತಷ್ಟು ಕಾಯುವುದೂ ಉಂಟು.

ಪರೀಕ್ಷಿಸುವ ಕ್ರಮ.— ಬಿಚ್ಚಿದ ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು, ಉಷ್ಣಮಾಪಕವನ್ನೂ ಇಟ್ಟು ಮೆಲ್ಲಗೆ ಕಾಯಿಸಬೇಕು. ಅದರ ಮೇಲೆ ಒತ್ತಿರುವ ಅಂಕೆಯ ಆಸುಪಾಸಿನಲ್ಲಿ ಬಾಗಿಲು ತೆರೆಯತೊಡಗಿ, ನೀರು ತಣಿದಾಗ ಪೂರ್ತಿಯಾಗಿ ಮುಚ್ಚಬೇಕು. ಹಾಗಾಗದಿದ್ದರೆ ಅದೇ ಅಂಕೆಯ ಹೊಸದನ್ನು, ಮೇಣದ ಬಟ್ಟಲು ಇಂಜಿನಿನ ಬಿಸಿನೀರಿನ ಕಡೆಗಿರುವಂತೆ, ಹೊಸ ಗ್ಯಾಸ್ಕೆಟ್ಟಿನೊಡನೆ ಕೂರಿಸತಕ್ಕದ್ದು.

ಎಚ್ಚರಿಕೆ.— ಇಂಜಿನು ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒತ್ತಡದಲ್ಲಿರುವ ನೀರು ಚಿಮ್ಮಿ ಮೈ ಬೇಯುವುದು. ಕಾದ ಇಂಜಿನಿಗೆ ತಣ್ಣೀರನ್ನು ಸುರಿಯಲೂ ಕೂಡದು. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಹೊಪ್ಪಳಿಕೆ ಕಟ್ಟಿ ಥರ್ಮೋಸ್ಟಾಟನ್ನು ಬಿಗಿಹಿಡಿಯುವುದರಿಂದ, ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಕೂಲೆಂಟನ್ನೇ ಬಳಸುವುದು ಮೇಲು.

ಗ್ರಾಮದ ಮುಖಂಡರು ಈ ವಿಷಯವನ್ನು ಟ್ರಾಕ್ಟರು ನಡೆಸುವವರಿಗೆ ತಿಳಿಯಹೇಳಿದಲ್ಲಿ, ಉಳುಮೆಯ ಕಾಲದಲ್ಲಿ ಯಂತ್ರವು ಹೊಲದ ನಡುವೆ ನಿಂತುಹೋಗುವ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.